ಐದು ಗಂಟೆಯ ಮಿಸ್ಡ್ ಕಾಲ್

ಬೆಂಗಳೂರಿನಿಂದ ಹಿಂದಿನ ಸಂಜೆ ಹೊರಟ ರೈಲು ಯಾದಗಿರಿಯಲ್ಲಿ ನನ್ನನ್ನು ಇಳಿಸಿದಾಗ ಬೆಳಕು ಇನ್ನೂ ಹರಿದಿರಲಿಲ್ಲ. ಡಿಸೆಂಬರ್ ತಿಂಗಳು. ಇದನ್ನು ಬಿಸಿಲಿನ ಊರೆಂದೇ ಕೇಳಿಕೊಂಡು ಬಂದವಳು ಶಾಲು ತಂದಿರಲಿಲ್ಲ. ಎದುರಿನ ಪ್ಲಾಟ್‌ಫಾರಂನಲ್ಲಿ ಬೆಂಗಳೂರಿನ ಕಡೆ ಹೋಗುವ ಗಾಡಿಗಾಗಿ ಕುಟುಂಬಗಳು ಕಾದು ಕೂತಿದ್ದವು. ಸಿಮೆಂಟಿನ ಖಾಲಿ ಚೀಲಗಳಲ್ಲಿ ಪಾತ್ರೆ, ಚಾದರದ ಗಂಟು, ರೊಟ್ಟಿಯ ಬುತ್ತಿ. ನಾನು ಬಂದ ಕಡೆಗೇ ಅವರು ಹೊರಟಿದ್ದರು.

ನನ್ನ ಕೈಚೀಲದಲ್ಲಿ ಎರಡು ಫೋನುಗಳಿದ್ದವು. ಒಂದು ನನ್ನದು, ಇನ್ನೊಂದು ಶ್ರೀಧರನದು. ಹತ್ತು ರೂಪಾಯಿಯ ಚಹಾ ಹಿಡಿದು ಕಲ್ಲುಬೆಂಚಿನ ಮೇಲೆ ಕೂತಾಗ ಎರಡನೆಯದು ಎರಡು ಸಲ ರಿಂಗಾಗಿ ನಿಂತಿತು. ಯಾರೆಂದು ತೆಗೆದು ನೋಡಬೇಕಾಗಿರಲಿಲ್ಲ. ಆದರೂ ನೋಡಿದೆ. ‘ರೇಣುಕಾ ಗಣಿತ’ ಎಂದಿತ್ತು.

ಶ್ರೀಧರ ನನ್ನ ಗಂಡ. ಕೆಲವು ವರ್ಷ ಈ ಜಿಲ್ಲೆಯಲ್ಲಿ ಶಿಕ್ಷಣ ಇಲಾಖೆಯ ಅಧಿಕಾರಿಯಾಗಿದ್ದ. ನಮ್ಮ ಮೈಸೂರು ಕಡೆ ಯಾರಿಗಾದರೂ ಯಾದಗಿರಿಗೆ ವರ್ಗವಾಯಿತೆಂದರೆ, ‘ಪಾಪ, ಏನು ಮಾಡಿಕೊಂಡರು?’ ಎಂದು ಕೇಳುತ್ತಾರೆ. ಅವನು ಏನೂ ಮಾಡಿಕೊಂಡಿರಲಿಲ್ಲ. ಬಂದ, ಇಲ್ಲೇ ಒಗ್ಗಿಕೊಂಡ. ನಾನು ನನ್ನ ಬ್ಯಾಂಕಿನ ಕೆಲಸದಲ್ಲಿ ಮೈಸೂರಿನಲ್ಲೇ ಇದ್ದೆ. ತಿಂಗಳಿಗೊಮ್ಮೆ ಅವನೇ ಬಂದುಹೋಗುತ್ತಿದ್ದ. ಈ ಸೆಪ್ಟೆಂಬರಿನಲ್ಲಿ ಹಾಗೆ ಬಂದವನು ಊಟದ ನಡುವೆ ಎದೆ ಹಿಡಿದುಕೊಂಡ, ಮತ್ತೆ ಏಳಲಿಲ್ಲ. ಊಟದ ನಡುವೆಯೋ, ಊಟ ಮುಗಿಸಿ ಕೈತೊಳೆದ ಮೇಲೋ. ಬಂದವರಿಗೆಲ್ಲ ಒಬ್ಬೊಬ್ಬರಿಗೆ ಒಂದೊಂದು ಥರ ಹೇಳಿದ್ದೇನೆ. ಈಗ ಯಾವುದು ನಡೆದದ್ದು, ಯಾವುದು ನಾನು ಹೇಳಿದ್ದು ಎಂಬುದು ಗೊತ್ತಾಗುವುದಿಲ್ಲ.

ಮಿಸ್ಡ್ ಕಾಲಿನ ವಿಷಯ ಮಾತ್ರ ಖಚಿತವಾಗಿ ಗೊತ್ತು. ಹತ್ತನೇ ತರಗತಿಯ ಫಲಿತಾಂಶ ಬಂದ ದಿನ ಪತ್ರಿಕೆಯವರು ಪಟ್ಟಿಯ ಕೆಳತುದಿಯಲ್ಲಿ ಮೊದಲು ಹುಡುಕುವ ಜಿಲ್ಲೆ ಇದು. ಹಾಗಾಗಿ ಇಲ್ಲಿನ ಮೇಷ್ಟರುಗಳು, ಅಧಿಕಾರಿಗಳು ಒಬ್ಬೊಬ್ಬರೂ ಕೆಲವು ಮಕ್ಕಳನ್ನು ‘ದತ್ತು’ ತೆಗೆದುಕೊಂಡು, ನಸುಕಿನಲ್ಲಿ ಫೋನ್ ಮಾಡಿ ಓದಲು ಎಬ್ಬಿಸಬೇಕು. ಶ್ರೀಧರ ಇದನ್ನು ತಿರುಗಿಸಿಬಿಟ್ಟಿದ್ದ. ಅವನು ಮಕ್ಕಳಿಗೆ ಫೋನ್ ಮಾಡುತ್ತಿರಲಿಲ್ಲ; ಮಕ್ಕಳೇ ಐದಕ್ಕೆ ಎದ್ದು ಅವನಿಗೆ ಮಿಸ್ಡ್ ಕಾಲ್ ಕೊಡಬೇಕು. ‘ನಾನು ಕೂಗಿದ್ರೆ ಹೂಂ ಅಂದು ಮತ್ತೆ ಮಲಗ್ತವೆ. ಅವೇ ಮಾಡ್ಬೇಕು ಅಂದ್ರೆ ಎದ್ದಿರಲೇಬೇಕಲ್ಲ’ ಎನ್ನುತ್ತಿದ್ದ. ಜೊತೆಗೆ, ದತ್ತು ತೆಗೆದುಕೊಳ್ಳುತ್ತಿದ್ದುದು ಒಮ್ಮೆ ಫೇಲಾದ ಮಕ್ಕಳನ್ನು ಮಾತ್ರ. ಪಾಸಾಗುವ ಹಾಗಿರುವವರನ್ನು ತಗೊಳ್ಳೋಕೆ ಎಲ್ಲರೂ ಇದ್ದಾರೆ ಎಂಬುದು ಅವನ ವಾದ.

ಅವನು ಹೋದ ಮೇಲೆ ಕೆಲವು ದಿನಗಳಲ್ಲಿ ಆ ಕರೆಗಳೆಲ್ಲ ನಿಂತವು. ಒಂದು ಮಾತ್ರ ನಿಲ್ಲಲಿಲ್ಲ. ನಾನು ತಿರುಗಿ ಫೋನ್ ಮಾಡಿದೆ. ಹೆಂಗಸೊಬ್ಬಳು ಗಂಟಲು ಹರಿಯುವ ಹಾಗೆ, “ಎದ್ದಾಳ್ರೀ ಸಾಹೇಬ್ರ, ಓದಾಕತ್ಯಾಳ್ರೀ!” ಎಂದು ಕೂಗಿ, ನಾನು ಬಾಯಿ ತೆರೆಯುವ ಮೊದಲೇ ಇಟ್ಟುಬಿಟ್ಟಳು. ಮತ್ತೆ ಮಾಡಿದೆ. ಮತ್ತೆ ಅದೇ ಮಾತು, ಅದೇ ರಭಸ. ಅವರಿಗೆ ಸುದ್ದಿ ಮುಟ್ಟಿಲ್ಲ ಎಂಬುದು ಸ್ಪಷ್ಟವಾಯಿತು. ಹೋಗಿ ಹೇಳಿ ಬರೋಣವೆಂದು ಹೊರಟೆ. ಪ್ರಯಾಣದ ಉದ್ದೇಶ ಇಷ್ಟೇ.

*

ಸ್ಟೇಷನ್ನಿನ ಹತ್ತಿರದ ಹೋಟೆಲಿಗೆ ವೀರೇಶ್ ಬಂದರು. ಶ್ರೀಧರನ ಜೊತೆ ಕೆಲಸ ಮಾಡಿದ್ದ ಗುಮಾಸ್ತರು. ಅಂತ್ಯಕ್ರಿಯೆಗೆ ಮೈಸೂರಿಗೂ ಬಂದಿದ್ದರಂತೆ. ನನಗೆ ಅವರ ಮುಖ ನೆನಪಿರಲಿಲ್ಲ. ಅವರು ಬೇಸರಪಟ್ಟುಕೊಳ್ಳಲಿಲ್ಲ. ಎರಡು ಪ್ಲೇಟ್ ಸೂಸಲ, ಮೇಲೆ ಮಿರ್ಚಿ ಭಜಿ ಹೇಳಿದರು. ನೆನೆಸಿದ ಚುರುಮುರಿಗೆ ಒಗ್ಗರಣೆ ಹಾಕಿ ಹುರಿಗಡಲೆ ಹಿಟ್ಟು ಉದುರಿಸಿದ ತಿಂಡಿ. ಇಬ್ಬರದೂ ಸೇರಿ ತೊಂಬತ್ತು ರೂಪಾಯಿಯನ್ನು ನಾನು ಕೊಡಲು ಅವರು ಬಿಡಲಿಲ್ಲ.

“ತಿನ್ರಿ ಮೇಡಂ. ಸಾಹೇಬ್ರು ಶಹಾಪುರದಿಂದ ಬಂದಾಗೆಲ್ಲ ಇಲ್ಲೇ ತಿಂತಿದ್ರು.”

“ಅವರಿಗೆ ಖಾರ ಆಗ್ತಿರಲಿಲ್ಲ.”

“ಇಲ್ಲಿಗಿ ಬಂದ ಮ್ಯಾಲ ಆಯ್ತ್ರಿ.”

ನಾನು ಭಜಿ ಕಚ್ಚಿದೆ. ಮಿರ್ಚಿ ನನ್ನ ಕಣ್ಣಿಗೆ ನೀರು ತಂದಿತು. ವೀರೇಶ್ ಬೇರೆ ಕಡೆ ನೋಡಿದರು.

ಅವನಿದ್ದಾಗ ಏನು ಬೇರೆ ಇತ್ತು ಎಂದು ಕೇಳಿದೆ. ಸತ್ತವರ ಬಗ್ಗೆ ಹೇಳುವಾಗ ಜನ ಉದಾರಿಗಳಾಗುತ್ತಾರೆ. ಅದನ್ನು ಕಳೆದು ಕೇಳಿಸಿಕೊಳ್ಳಬೇಕೆಂದು ಮೊದಲೇ ನಿರ್ಧರಿಸಿದ್ದೆ. ಆದರೆ ವೀರೇಶ್ ಅಷ್ಟೇನೂ ಉದಾರಿಯಾಗಿರಲಿಲ್ಲ.

“ಸಿಟ್ಟ ಭಾಳ ಇತ್ತ್ರಿ ಅವರಿಗಿ. ಮೀಟಿಂಗ್ ಮರತ ಬಿಡ್ತಿದ್ರು. ನಾವು ಸುಳ್ಳ ಹೇಳಿ ಹೇಳಿ ಸಾಕಾಗಿತ್ತು. ಬಸ್ಸಿನ್ಯಾಗ ಹೋಗಿ ಯಾವುದರೆ ಸಾಲ್ಯಾಗ ಹಿಂದಿನ ಬೆಂಚಿಗಿ ಕೂಡವ್ರು. ಮಾಸ್ತರಗೋಳಿಗಿ ಜೀವ ಕೈಯಾಗ.”

“ಅದರಿಂದ ಮಕ್ಕಳು ಪಾಸಾದರಾ?”

“ಅದು ನಂಗ ಹೇಳಾಕ ಬರಂಗಿಲ್ರಿ. ಆದ್ರ ಒಂದ ಮಾತು. ಮ್ಯಾಲಿಂದ ನೋಟೀಸ್ ಬಂತಂದ್ರ, ಅದನ್ನ ಸಾಲಿಗಿ ಕಳಸ್ತಿದ್ದಿಲ್ಲ. ತಾವ ಇಟ್ಕೊಂಡು ತಾವ ಉತ್ತರ ಬರೀತಿದ್ರು. ಮಾಸ್ತರ ಪಾಠ ಮಾಡಲಿ, ಬೈಸ್ಕೊಳ್ಳೂ ಕೆಲಸ ನಂದು ಅಂತಿದ್ರು.”

“ಈಗ?”

“ಈಗ ಆರ್ಡರ್ ಅವೇ ಅದಾವ್ರಿ. ಅದೇ ದತ್ತು, ಅದೇ ಫೋನು, ಅದೇ ಮೀಟಿಂಗು. ಮಕ್ಕಳು ಪುಸ್ತಕ ಹಿಡದ ಫೋಟೋ ಗ್ರೂಪಿನ್ಯಾಗ ಹಾಕೂದು ಒಂದ ಜಾಸ್ತಿ ಆಗ್ಯಾದ. ಹೊಸಾ ಸಾಹೇಬ್ರು ಕೆಟ್ಟವ್ರಲ್ಲ. ಪ್ರಭಾರಿ. ಅವರಿಗಿ ಕುರ್ಚಿ ಎರಡು, ಸೊಂಟ ಒಂದ. ಕಾಯಂ ಸಾಹೇಬ್ರು ಬರ್ತಾರ್ರಿ ಇಲ್ಲಿಗಿ, ಬರಂಗಿಲ್ಲಂತಲ್ಲ. ಗ್ವಾಡಿ ಮ್ಯಾಲಿನ ಬೋರ್ಡಿಗಿ ಹೆಸರ ಬರಿಯಾಕ ಪೇಂಟರ್ ಬರೂದರಾಗ ಹೋಗಿಬಿಡ್ತಾರ. ನಮ್ಮ ಸಾಹೇಬ್ರು ಬರೂಕಿಂತ ಮೊದಲ ಒಮ್ಮೆ ಪೇಂಟರ್ ಕೇಳಿದ, ಒಮ್ಮೆಲೆ ನಾಕ ಮಂದೀದು ಬರದ್ರ ರೇಟ್ ಕಡಿಮಿ ಮಾಡ್ತೀನಿ, ಕೂಡಿ ಕರೀರಿ ಅಂತ.”

ನಾವಿಬ್ಬರೂ ನಕ್ಕೆವು. ಆಮೇಲೆ ಅವರು ರೇಣುಕಾಳ ಹಳ್ಳಿಯ ದಾರಿ ಹೇಳಿದರು. ಜೊತೆಗೆ ಇನ್ನೊಂದು ಮಾತನ್ನೂ. ಪರೀಕ್ಷೆಗೆ ಕೂರುವ ಮಕ್ಕಳ ಹೆಸರನ್ನು ಶಾಲೆಯವರು ಕಳಿಸಲು ಈ ವಾರವೇ ಕೊನೆ. ಕಳೆದ ಸಲ ಗಣಿತದಲ್ಲಿ ಫೇಲಾದ ರೇಣುಕಾಳನ್ನು ಶ್ರೀಧರ ಜೂನಿನಲ್ಲಿ ಮತ್ತೆ ಹತ್ತನೇ ತರಗತಿಗೆ ಸೇರಿಸಿದ್ದ. ಆ ಶಾಲೆಯಿಂದ ಅವಳ ಹೆಸರು ಇನ್ನೂ ಬಂದಿಲ್ಲ.

“ಬರದೇ ಇದ್ದರೆ?”

“ಬರ್ಲಿಲ್ಲಂದ್ರ ಇಲ್ಲ ಮೇಡಂ. ಈ ವರ್ಷ ಪರೀಕ್ಷಿ ಇಲ್ಲ.”

*

ಆ ದಾರಿಯಲ್ಲಿ ಮೊದಲು ಸಿಗುವುದು ಶಹಾಪುರ, ಯಾದಗಿರಿಯಿಂದ ಸುಮಾರು ಮೂವತ್ತೈದು ಕಿಲೋಮೀಟರ್. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಶೂನ್ಯ. ಕಂಡಕ್ಟರ್ ನನ್ನ ಆಧಾರ್ ಕಾರ್ಡ್ ತಿರುಗಿಸಿ ನೋಡಿದ.

“ಮೈಸೂರೇನ್ರಿ? ಅಲ್ಲಿಂದ ಇಲ್ಲೀತನಕ ಪುಕಟನ ಬಂದ್ರೇನು?”

“ಇಲ್ಲ, ರೈಲಿಗೆ ದುಡ್ಡು ಕೊಟ್ಟೆ.”

“ಅಯ್ಯ, ರೈಲಿನ್ಯಾವ್ರಿಗಿ ಇನ್ನಾ ಬುದ್ಧಿ ಬಂದಿಲ್ರಿ” ಎಂದು ಮುಂದೆ ಹೋದ. ಹಿಂದಿನ ಸೀಟಿನ ಹೆಂಗಸರು ಬಹಳ ಹೊತ್ತು ನಕ್ಕರು.

ಮುದನಾಳ ದಾಟಿದೆವು. ಭೀಮೆಯ ಸೇತುವೆಯ ಕೆಳಗೆ ನೀರು ಕಡಿಮೆ, ಬಂಡೆ ಹೆಚ್ಚು. ಅಥವಾ ಸೇತುವೆ ಮೊದಲು ಬಂದು ಮುದನಾಳ ಆಮೇಲೆ ಬಂತೋ. ಬರೆಯಲು ಕೂತಾಗ ಊರುಗಳು ಜಾಗ ಬದಲಿಸುತ್ತವೆ. ರಸ್ತೆಯ ಎರಡೂ ಕಡೆ ಹತ್ತಿ ಒಡೆದು ಬೆಳ್ಳಗೆ ನಿಂತಿತ್ತು. ದೋರನಹಳ್ಳಿಯಲ್ಲಿ ಶಾಲೆಯ ಮಕ್ಕಳ ದೊಡ್ಡ ಗುಂಪು ಹತ್ತಿ ಬಸ್ಸನ್ನು ತುಂಬಿತು. ನೀಲಿ ಸಮವಸ್ತ್ರದ ಹುಡುಗಿಯೊಬ್ಬಳು ನನ್ನ ಮಡಿಲಲ್ಲಿ ಕೇಳದೆಯೇ ತನ್ನ ಬ್ಯಾಗ್ ಇಟ್ಟಳು. ಇಳಿಯುವಾಗ ಕೇಳದೆಯೇ ತೆಗೆದುಕೊಂಡಳು. ಅಷ್ಟು ಹೊತ್ತು ಯಾರದೋ ಭಾರ ಮಡಿಲಲ್ಲಿತ್ತು. ಅದು ಹೋದಮೇಲೆ ಚಳಿ ಮತ್ತೆ ಗೊತ್ತಾಯಿತು.

ಶಹಾಪುರಕ್ಕೆ ಬುದ್ಧ ಮಲಗಿದ ಹಾಗೆ ಕಾಣುವ ಬೆಟ್ಟವಿದೆ ಎಂದು ಶ್ರೀಧರ ಫೋನಿನಲ್ಲಿ ಎಷ್ಟೋ ಸಲ ಹೇಳಿದ್ದ. ಬಸ್ಸಿನ ಕಿಟಕಿಯಿಂದ ಹುಡುಕಿದೆ. ಕಲ್ಲುಗುಂಡಿನ ಬೆಟ್ಟಗಳು ಬೇಕಾದಷ್ಟಿದ್ದವು. ಮಲಗಿದವರು ಯಾರೂ ಕಾಣಲಿಲ್ಲ.

ಐನೂರು ರೂಪಾಯಿಯ ಲಾಡ್ಜಿನಲ್ಲಿ ಚೀಲ ಇಟ್ಟು, ಅವನು ಬಾಡಿಗೆಗಿದ್ದ ಕೋಣೆಯನ್ನು ಹುಡುಕಿಕೊಂಡು ಹೋದೆ. ವಿಳಾಸ ಗೊತ್ತಿತ್ತು, ಹಾಗಾಗಿ ಯಾರನ್ನೂ ಕೇಳಬೇಕಾಗಲಿಲ್ಲ. ಕೋಣೆಗೆ ಬೇರೆ ಯಾರೋ ಬಂದಿದ್ದರು. ಹೊರಗೆ ತಂತಿಯ ಮೇಲೆ ಮಗುವಿನ ಬಟ್ಟೆ ಒಣಗುತ್ತಿದ್ದವು. ಬಾಗಿಲಿಗೆ ಹಸಿರು ಬಣ್ಣ. ಅವನು ನೀಲಿ ಎಂದು ಹೇಳಿದ್ದ ಎಂದುಕೊಂಡಿದ್ದೆ. ಅವರು ಬಣ್ಣ ಬಳಿಸಿದ್ದರೋ, ಅವನು ಹೇಳಿರಲೇ ಇಲ್ಲವೋ. ಎದುರಿನ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ನಿಂತು ಖಾನಾವಳಿಗೆ ಹೋದೆ. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ. ಬಡಿಸುವವನು, “ಒಬ್ಬರೇನ್ರಿ?” ಎಂದು ಕೇಳಿ ಗೋಡೆಯ ಕಡೆಯ ಮೇಜು ತೋರಿಸಿದ.

ಬೆಳಿಗ್ಗೆ ಐದಕ್ಕೆ ಫೋನ್ ಎರಡು ಸಲ ರಿಂಗಾಯಿತು.

*

ಹಳ್ಳಿಯ ಹೆಸರನ್ನು ಬರೆಯುವುದಿಲ್ಲ. ಬರೆಯಬೇಡಿ ಎಂದು ಆ ಶಾಲೆಯ ಹೆಡ್‌ಮಾಸ್ತರರು ಕೇಳಿಕೊಂಡರು. ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿ ಕ್ರಾಸಿಗೆ ಇಳಿದು, ಇಪ್ಪತ್ತು ರೂಪಾಯಿ ಕೊಟ್ಟು ತುಂಬಿದ ಟಂಟಂ ಆಟೋದಲ್ಲಿ ಒಳಗೆ ಹೋಗಬೇಕು.

ರೇಣುಕಾಳ ತಾಯಿ ಸಾಬಮ್ಮ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು. ಗಂಡನಿಲ್ಲದ ಮನೆ, ತಾಯಿ ಮಗಳು ಇಬ್ಬರೇ. ಫೋನಿನಲ್ಲಿ ಕೇಳಿದ್ದ ಗಂಟಲು ಇದೇ ಎಂದು ಮೊದಲ ಮಾತಿಗೇ ಗೊತ್ತಾಯಿತು. ಅವಳು ಸಣ್ಣ ದನಿಯಲ್ಲಿ ಮಾತಾಡುವುದೇ ಇಲ್ಲ.

“ಸಾಹೇಬ್ರು ಕಳಿಸ್ಯಾರೇನ್ರೀ?”

ನಾನು ಇಡೀ ಪ್ರಯಾಣದಲ್ಲಿ ತಯಾರು ಮಾಡಿಕೊಂಡಿದ್ದ ವಾಕ್ಯ ಬಾಯಿಗೆ ಬರಲಿಲ್ಲ. “ಅವರ ಕಡೆಯಿಂದಲೇ ಬಂದೆ” ಎಂದೆ.

“ಬರ್ರಿ, ಕೂಡ್ರಿ. ಅವರಿಗಿ ಹೇಳ್ರಿ, ಹಾಜರಿ ಒಂದ ದಿನ ತಪ್ಪಿಲ್ಲ. ಜ್ವರ ಬಂದಾಗೂ ಎದ್ದು ಹೊಡದೀನಿ.”

“ಹಾಜರಿ?”

ಅವಳು ಸೆರಗಿನ ಗಂಟಿನಿಂದ ಗುಂಡಿ ಒತ್ತುವ ಪುಟ್ಟ ಫೋನ್ ತೆಗೆದಳು. “ಇದ್ರಾಗಿನ ಎರಡನ್ನ ಒತ್ತಿ ಹಿಡದ್ರ ಸಾಹೇಬ್ರಿಗಿ ಹೋಗ್ತದ. ಅವರ ಹಂಗ ಮಾಡಿ ಕೊಟ್ಟಾರ. ಎರಡ ಸಲ ಹೊಡ್ಕೊಂಡ ಮ್ಯಾಲ ಕಟ್ ಮಾಡೂದು. ಅಲ್ಲಿ ರೇಣುಕಾನ ಹೆಸರಿನ ಮುಂದ ಹಾಜರಿ ಬೀಳ್ತದ.”

ಅವಳು ಅದನ್ನು ಹೀಗೆ ತಿಳಿದುಕೊಂಡಿದ್ದಳು. ಮಗಳು ಎದ್ದಳೆಂದು ತಿಳಿಸುವ ಸನ್ನೆ ಅಲ್ಲ ಅದು, ಹಾಜರಿಯೇ. ದಿನಾ ಐದಕ್ಕೆ ಹೊಡೆಯುತ್ತಿದ್ದರೆ ಮಗಳ ಹೆಸರು ಶಾಲೆಯಲ್ಲಿ ಉಳಿಯುತ್ತದೆ, ಮಗಳು ಎಲ್ಲಿದ್ದರೂ. ಮಗಳು ದಸರೆಯಿಂದ ಹತ್ತಿ ಬಿಡಿಸಲು ಹೋಗುತ್ತಿದ್ದಳು.

“ಮತ್ತ ಹೊಟ್ಟಿಗಿ ಬೇಕಲ್ರಿ. ಪರೀಕ್ಷಿ ಹೊತ್ತಿಗಿ ಹೋಗ್ತಾಳ. ನಮ್ಮ ತಮ್ಮ ಬ್ಯಾರೆ ಗಂಟ ಬಿದ್ದಾನ. ಈ ಅಮಾಸಿಗಿ ಮಂದೀನ ಕಟಗೊಂಡು ಬೆಂಗಳೂರಿಗಿ ಹೊಂಟಾನ, ಬಿಲ್ಡಿಂಗ್ ಕೆಲಸಕ್ಕ. ಹುಡುಗಿನ್ನೂ ಕಳಸು ಅಂತಾನ. ನಾ ಅಂದೆ, ಸಾಹೇಬ್ರ ಹಾಜರಿ ನಡದಾದ, ಹ್ಯಾಂಗ ಕಳಸ್ಲಿ? ನಡೂಕ ಬಿಟ್ರ ಅವರು ನನ್ನ ಬಿಡ್ತಾರೇನು? ಅಂತ ಬಾಯಿ ಮುಚ್ಚಿಸೀನಿ.”

ಹೇಳಲು ಬಂದಿದ್ದ ಸುದ್ದಿಯನ್ನು ಹೇಳಿದರೆ ಏನಾಗುತ್ತದೆಂದು ಆಗ ನನಗೆ ತಿಳಿಯಿತು. ನೀರು ಕೇಳಿ ಕುಡಿದೆ. ರೇಣುಕಾಳನ್ನು ನೋಡಬೇಕು ಎಂದೆ.

ಹೊಲ ದೂರವಿರಲಿಲ್ಲ. ಬದುವಿನ ಮೇಲೆ ನಡೆದು ಹೋದೆವು. ಸೊಂಟಕ್ಕೆ ಉಡಿ ಕಟ್ಟಿಕೊಂಡು ಹೆಂಗಸರು ಸಾಲು ಹಿಡಿದು ಹತ್ತಿ ಬಿಡಿಸುತ್ತಿದ್ದರು. ನನ್ನನ್ನು ನೋಡಿ ಒಬ್ಬಳು ಕೂಗಿದಳು: “ಏ ರೇಣುಕಾ, ನಿನ್ನ ನೋಡಾಕ ಬೀಗತಿ ಬಂದಾಳ ನೋಡಲೇ! ಚಸ್ಮಾ ಹಾಕ್ಯಾಳ, ದೊಡ್ಡ ಮನಿತನ!”

“ಚಸ್ಮಾದ ಬೀಗತಿ ನಿನಗ ಇರ್ಲಿ ಬಿಡವಾ, ನಿನ್ನ ಮಗ ಇನ್ನಾ ಲಗ್ನ ಇಲ್ದ ಅದಾನ” ಎಂದಳು ಒಬ್ಬ ಹುಡುಗಿ, ಕೈ ನಿಲ್ಲಿಸದೆ. ಸಾಲಿಗೆ ಸಾಲೇ ನಕ್ಕಿತು. ಅವಳೇ ರೇಣುಕಾ. ತೆಳ್ಳಗೆ, ಬೆರಳುಗಳ ತುದಿಯೆಲ್ಲ ಹತ್ತಿಕಾಯಿಯ ಸಿಪ್ಪೆ ಗೀರಿದ ಗಾಯ.

ತಾಯಿ ಹೊಲದ ಮಾಲೀಕನ ಜೊತೆ ಮಾತಾಡಲು ಆಚೆ ಹೋದಾಗ ಅವಳು ನನ್ನ ಹತ್ತಿರ ಬಂದು ದನಿ ಇಳಿಸಿದಳು.

“ನೀವು ಸಾಹೇಬ್ರ ಮನ್ಯಾಗಿನವ್ರೇನ್ರಿ?”

“ಹೌದು. ಅವರ ವಿಷಯ ನಿನಗೆ ಗೊತ್ತಾ?”

“ಗೊತ್ತದ್ರಿ. ಸಾಲ್ಯಾಗ ಪ್ರಾರ್ಥನಿ ಮುಗಿದ ಮ್ಯಾಲ ಮೌನ ಮಾಡಿದ್ವಿ. ಅವ್ವಗ ಹೇಳಿಲ್ಲ. ಹೇಳಿದ್ರ ಮಾಮನ ಸಂಗಟ ಗಾಡಿ ಹತ್ತಸ್ತಾಳ. ನೀವೂ ಹೇಳಬ್ಯಾಡ್ರಿ.”

“ಮತ್ತೆ ಸ್ಕೂಲಿಗೆ ಯಾಕೆ ಹೋಗ್ತಿಲ್ಲ?”

ಅವಳು ಉಡಿಯ ಹತ್ತಿಯನ್ನು ಒತ್ತಿ ಒತ್ತಿ ಕೂರಿಸಿದಳು. “ಹೋಗಿದ್ದೆ. ಸಾಹೇಬ್ರು ಹೋದ ಮ್ಯಾಲ ಹಾಜರಿ ಕೂಗುವಾಗ ನನ್ನ ಹೆಸರ ಬರಲಿಲ್ರಿ. ಒಂದಿನ ಬರಲಿಲ್ಲ. ಮರತಾರ ಅಂದ್ಕೊಂಡೆ. ಮರುದಿನಾನೂ ಬರಲಿಲ್ಲ. ಹೆಸರ ಕರೀಲಿಲ್ಲಂದ್ರ ಹ್ಯಾಂಗ ‘ಎಸ್ ಸರ್’ ಅನ್ಲಿ? ಸುಮ್ನ ಕೂತು ಸುಮ್ನ ಎದ್ದು ಬಂದೆ.”

“ಪರೀಕ್ಷೆ ಬರೀತೀಯಾ?”

“ಹೆಸರ ಹೋದ್ರ ಬರೀತೀನಿ. ಗಣಿತ ಒಂದ ಉಳದದ. ಸೂತ್ರ ಎಲ್ಲಾ ಬಾಯಾಗದಾವ, ಲೆಕ್ಕಕ್ಕ ಕೂತ್ರ ಯಾವುದು ಎಲ್ಲಿ ಹಾಕೂದು ತಿಳಿಯಂಗಿಲ್ಲ. ಯಾರರ ಹೇಳಿ ಕೊಡಬೇಕು.”

*

ಮೂವರೂ ಶಾಲೆಗೆ ಹೋದೆವು. ಹೆಡ್‌ಮಾಸ್ತರರು ಐವತ್ತು ದಾಟಿದವರು, ಸ್ವೆಟರ್ ಮೇಲೆ ಮಫ್ಲರ್. ನಾನು ಯಾರೆಂದು ಅವರಿಗೆ ಮಾತ್ರ ಕೇಳುವ ಹಾಗೆ ಹೇಳಿದೆ. ಎದ್ದು ನಿಂತು ಕೈ ಮುಗಿದರು, ಚಹಾ ತರಿಸಿದರು. ಸಾಬಮ್ಮ ಹೊಸ್ತಿಲ ಹೊರಗೆ ಕೂತಳು. ಒಳಗೆ ಬಾ ಎಂದು ಅವರೇ ಎರಡು ಸಲ ಕರೆದ ಮೇಲೆ ಬಂದು ನಿಂತಳು.

“ಸಾಹೇಬ್ರು ಒಳ್ಳೇವ್ರು ಅಮ್ಮಾರ. ಆದ್ರ ನಮಗ ತ್ರಾಸ ಭಾಳ ಕೊಟ್ರು” ಎಂದು ಮೆಲ್ಲಗೆ ಹೇಳಿದರು. “ಫೇಲಾದವರನ್ನ ತಂದು ಕೂಡಿಸಿದ್ರು. ಇವರು ಮತ್ತ ಫೇಲಾದ್ರ ನಮ್ಮ ಸಾಲಿ ಪರ್ಸೆಂಟೇಜ್ ಇಳೀತದ. ಲೆಕ್ಕಕ್ಕ ಹಿಡೀತಾರೋ ಬಿಡ್ತಾರೋ, ಮ್ಯಾಲ ಕೇಳಿದ್ರ ಒಬ್ಬೊಬ್ರು ಒಂದೊಂದ ಹೇಳ್ತಾರ. ಹಿಡದ್ರ? ನೋಟೀಸ್ ನನಗ. ಅವರಿದ್ದಾಗ ಆ ಮಾತ ಬ್ಯಾರೆ. ನೋಟೀಸ್ ಅವರ ಮ್ಯಾಲ ಬೀಳ್ತಿತ್ತು.”

“ಅದಕ್ಕೆ ಹಾಜರಿಯಲ್ಲಿ ಹೆಸರು ಕೂಗಲಿಲ್ಲವಾ?”

ಅವರು ಮಫ್ಲರ್ ಸರಿಮಾಡಿಕೊಂಡರು. “ಬರ್ರಿ ಅಂತನೂ ಅನ್ಲಿಲ್ಲ, ಹೋಗ್ರಿ ಅಂತನೂ ಅನ್ಲಿಲ್ಲ. ಹಂಗ ಬಿಟ್ಟೆ. ಈಗ ಹಾಜರಿ ಕಡಿಮಿ ಅದ. ಹೆಸರ ಹ್ಯಾಂಗ ಕಳಸ್ಲಿ, ನೀವ ಹೇಳ್ರಿ.”

ಹೇಳಲು ನನಗೆ ಯಾವ ಅಧಿಕಾರವೂ ಇರಲಿಲ್ಲ. ಬ್ಯಾಂಕಿನಿಂದ ನಿವೃತ್ತಳಾಗಲು ಕಾಯುತ್ತಿರುವ ಹೆಂಗಸು ನಾನು. ಅವರು ಸುಳ್ಳು ಹೇಳುತ್ತಿಲ್ಲ ಎಂಬುದೂ ಗೊತ್ತಾಗುತ್ತಿತ್ತು.

ಅಷ್ಟರಲ್ಲಿ ಸಾಬಮ್ಮನ ದನಿ ಕೋಣೆಯನ್ನು ತುಂಬಿತು. “ಹಾಜರಿ ಹ್ಯಾಂಗ ಕಡಿಮಿ ಆಗ್ತದ್ರೀ? ದಿನಾ ಐದಕ್ಕ ಹೊಡ್ಯಾಕತ್ತೇನಿ! ಸಾಹೇಬ್ರನ್ನ ಕೇಳ್ರಿ ಬೇಕಾದ್ರ!”

“ಯಾವ ಸಾಹೇಬ್ರನ್ನ?” ಎಂದರು ಹೆಡ್‌ಮಾಸ್ತರರು. ಅವಳು ಫೋನ್ ಎತ್ತಿ ತೋರಿಸಿದಳು. ಅವರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

ರೇಣುಕಾ ಹೇಳಿದಳು. “ಅವ್ವಾ, ಸಾ‌ಹೇಬ್ರು ಇಲ್ಲ. ತೀರಿಕೊಂಡಾರ. ದಸರಾಕ್ಕಿಂತ ಮೊದಲ.”

ಹೊರಗೆ ಯಾವುದೋ ತರಗತಿ ಪದ್ಯವನ್ನು ಒಟ್ಟಾಗಿ ಓದುತ್ತಿತ್ತು. ಸಾಬಮ್ಮ ಮಗಳನ್ನು ನೋಡಿದಳು, ಕೈಯ ಫೋನನ್ನು ನೋಡಿದಳು. ಮೊದಲ ಸಲ ಅವಳ ದನಿ ಸಣ್ಣದಾಯಿತು. “ಮತ್ತ ದಿನಾ ಹೊಡ್ಕೊಂತಿತ್ತಲ್ಲ. ಅದು ಯಾರ ಕೈಯಾಗಿತ್ತು?”

ಕೈಚೀಲದಿಂದ ಶ್ರೀಧರನ ಫೋನ್ ತೆಗೆದು ಮೇಜಿನ ಮೇಲಿಟ್ಟೆ. “ನನ್ನ ಹತ್ತಿರ. ನಾನು ಅವರ ಹೆಂಡತಿ.”

ಅವಳು ಬಂದು ನನ್ನ ಮುಂಗೈ ಹಿಡಿದಳು. ಮೆಣಸಿನಕಾಯಿ ಹರವಿದ ಕೈ, ಚರ್ಮ ಚುರುಗುಟ್ಟಿತು. “ದಿನಾ ನಿಮ್ಮ ನಿದ್ದಿ ಕೆಡಿಸೀನಲ್ಲ ಯವ್ವಾ” ಎಂದಳು.

ಇಲ್ಲ, ನಾನು ಎದ್ದೇ ಇರುತ್ತಿದ್ದೆ ಎಂದು ನಾನು ಹೇಳಿದೆನೋ, ಹೇಳಬೇಕೆಂದುಕೊಂಡೆನೋ. ಅವಳಿಗೆ ಕೇಳಿಸಿದ ಹಾಗೆ ಕಾಣಲಿಲ್ಲ. ಕೈ ಬಿಟ್ಟು ಹೆಡ್‌ಮಾಸ್ತರರ ಕಡೆ ತಿರುಗಿದ್ದಳು.

“ಹಂಗಾದ್ರ ನಾಳಿಂದ ಯಾರಿಗಿ ಹೊಡೀಲ್ರಿ?”

ಇದು ಬೇಡಿಕೆಯಾಗಿರಲಿಲ್ಲ, ಚುಚ್ಚುಮಾತೂ ಅಲ್ಲ. ಕ್ರಾಸಿನಲ್ಲಿ ನಿಂತು ದಾರಿ ಕೇಳುವ ಹಾಗೆ ಕೇಳಿದಳು. ಒಬ್ಬರು ಹೋದರೆ ಅವರ ಜಾಗಕ್ಕೆ ಇನ್ನೊಬ್ಬರು ಇರಲೇಬೇಕಲ್ಲ. ಅವರ ನಂಬರು ಬೇಕಿತ್ತು, ಅಷ್ಟೇ.

ಹೆಡ್‌ಮಾಸ್ತರರು ತಮ್ಮ ಲೋಟವನ್ನು ಪಕ್ಕಕ್ಕೆ ಸರಿಸಿದರು. ಚಹಾ ಆರಿತು. ಕೊನೆಗೆ ಕೈ ಚಾಚಿದರು. “ಕೊಡವಾ ಇಲ್ಲಿ ಫೋನು.” ಕನ್ನಡಕ ಏರಿಸಿ, ಗುಂಡಿಗಳನ್ನು ಒತ್ತಿ ಒತ್ತಿ ಬಹಳ ಹೊತ್ತು ಒದ್ದಾಡಿದರು. ರೇಣುಕಾ ಪಕ್ಕದಲ್ಲಿ ನಿಂತು, “ಅದಲ್ರಿ ಸರ್, ಕೆಳಗಿಂದು” ಎಂದು ತೋರಿಸಿಕೊಟ್ಟಳು.

“ಎರಡಕ್ಕ ನನ್ನ ನಂಬರ್ ಹಾಕೀನಿ. ಐದಕ್ಕ ಬ್ಯಾಡ, ನಂಗ ಬಿಪಿ ಅದ. ಐದೂವರಿಗಿ ಹೊಡಿ. ಮತ್ತ ನೀ ಹೊಡಿಬ್ಯಾಡ, ಆಕಿನ್ನ ಎಬ್ಬಿಸಿ ಆಕಿ ಕೈಲೇ ಹೊಡಸು. ನಿನ್ನ ಹಾಜರಿ ತಗೊಂಡು ನಾ ಏನ್ ಮಾಡ್ಲಿ? ನೀ ಪರೀಕ್ಷಿಗಿ ಕೂಡ್ತೀಯೇನು?”

“ಕೂಡಂದ್ರ ಕೂಡ್ತೀನ್ರೀ” ಎಂದಳು ಸಾಬಮ್ಮ. ದನಿ ಮರಳಿತ್ತು.

ಅವರು ಪಕ್ಕದ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದ ಮೇಷ್ಟರನ್ನು ಕೂಗಿದರು. “ಹತ್ತನೇತ್ತಕ್ಕ ಒಂದ ಹೆಸರ ಸೇರಸ್ರಿ. ರೇಣುಕಾ. ಹೂಂ, ಆಕೀನ. ನೋಟೀಸ್ ಬಂದ್ರ ನನ್ನ ಕೊರಳಿಗಿ ಕಟ್ರಿ.” ಆಮೇಲೆ ಅವಳಿಗೆ, “ನಾಳಿ ಬಾ. ಹೆಸರ ಕೂಗ್ತೀನಿ. ಮಧ್ಯಾನ್ನ ಬಿಟ್ಟ ಮ್ಯಾಲ ಗಣಿತ ನನ್ನ ಹಂತ್ಯಾಕ ಕೂತು ಮಾಡು. ನಾನೂ ಒಂದ ಕಾಲಕ್ಕ ಗಣಿತದ ಮಾಸ್ತರನ ಇದ್ದೆ. ಮೀಟಿಂಗಿಗಿ ಹೋಗಿ ಹೋಗಿ ಅರ್ಧ ಮರತೀನಿ, ಇಬ್ರೂ ಕೂಡಿ ಕಲಿಯೋಣು.”

ನೆನಪು ಇದನ್ನು ಇಷ್ಟು ನೀಟಾಗಿ ಜೋಡಿಸಿಕೊಟ್ಟಾಗ ನನಗೆ ಅನುಮಾನ ಬರುತ್ತದೆ. ಹೆಸರು ಸೇರಿಸಿದ್ದು ಮೊದಲೋ, ಫೋನ್ ಕೇಳಿದ್ದು ಮೊದಲೋ? ಚಹಾ ನಿಜಕ್ಕೂ ಆರಿತ್ತೇ? ಆದರೆ ಆ ಮೇಷ್ಟರು ಪರದೆಯ ಮೇಲೆ ಹೆಸರನ್ನು ತೋರಿಸಿದ್ದು, ರೇಣುಕಾ ಅದನ್ನು ಬಗ್ಗಿ ಓದಿದ್ದು ನಿಜ. ಅವಳ ಉಡಿಯಲ್ಲಿ ಆಗಲೂ ಹತ್ತಿ ಇತ್ತು.

ಕ್ರಾಸಿನವರೆಗೆ ಸಾಬಮ್ಮ ನನ್ನ ಜೊತೆ ಟಂಟಂ ಹತ್ತಿ ಬಂದಳು. ತಮ್ಮನಿಗೆ ಏನು ಹೇಳುತ್ತೀಯ ಎಂದು ಕೇಳಿದೆ.

“ಸಾಹೇಬ್ರು ಬದಲಿ ಆಗ್ಯಾರ, ಹಾಜರಿ ನಡದಾದ ಅಂತೀನ್ರಿ. ಖರೇನ ಅಲ್ಲೇನು?”

ಬಸ್ ಬಂದಾಗ ಒಂದು ಪುಟ್ಟ ಗಂಟು ಕೈಗಿತ್ತಳು. ಒಣ ಮೆಣಸಿನಕಾಯಿ. ನಮ್ಮ ಮನೆಯಲ್ಲಿ ಖಾರ ತಿನ್ನುವವರಿಲ್ಲ ಎಂದು ಹೇಳಲಿಲ್ಲ.

*

ಆ ದಿನ ಸುರಪುರದಲ್ಲಿ ಉಳಿದೆ. ಗುಡ್ಡಗಳ ನಡುವಿನ ಊರು. ಹಳೆಯ ಅರಸರ ಗೋಡೆಗಳನ್ನು ನೋಡಲು ಏರಿದವಳು ಅರ್ಧಕ್ಕೇ ಕೂತೆ. ಕೆಳಗೆ ಮನೆಗಳ ಮಾಳಿಗೆಯ ಮೇಲೆ ಜನ ತೊಗರಿ ಒಣಹಾಕುತ್ತಿದ್ದರು. ಯಾರಿಗಾದರೂ ಫೋನ್ ಮಾಡಿ ನಡೆದದ್ದನ್ನು ಹೇಳಬೇಕೆನಿಸಿತು. ಹೇಳಬೇಕಾಗಿದ್ದವನ ಫೋನ್ ನನ್ನ ಚೀಲದಲ್ಲೇ ಇತ್ತು.

ಬೆಳಿಗ್ಗೆ ಐದಕ್ಕೆ ಎಚ್ಚರವಾಯಿತು. ಮೇಜಿನ ಮೇಲೆ ಅವನ ಫೋನ್ ಕಪ್ಪಗೆ ಮಲಗಿತ್ತು. ಸೆಪ್ಟೆಂಬರಿನಿಂದ ಅದು ಸುಮ್ಮನಿದ್ದ ಮೊದಲ ಬೆಳಗು. ಬೀದಿಯಲ್ಲಿ ಹಾಲಿನವನ ಬೈಕ್ ಹೋಯಿತು, ಮಸೀದಿಯ ಆಜಾನ್ ಮುಗಿಯಿತು, ಎಲ್ಲೋ ಯಾರೋ ಕೆಮ್ಮಿದರು. ನಾನು ಬಂದ ಕೆಲಸ ಆಗಿತ್ತು. ಅದು ಆಗಿದೆ ಎಂಬುದು ಗೊತ್ತಾಗುತ್ತಿದ್ದುದು ಫೋನ್ ಸುಮ್ಮನಿದ್ದುದರಿಂದಲೇ.

ಯಾದಗಿರಿಗೆ ಹಿಂದಿರುಗುವ ಬಸ್ಸಿನಲ್ಲಿ ಶಹಾಪುರದ ಹತ್ತಿರ ಪಕ್ಕದ ಹೆಂಗಸು ಮೊಣಕೈಯಿಂದ ತಿವಿದಳು. “ನೋಡ್ರಿ, ಬುದ್ಧ ಮಲಗ್ಯಾನ. ಅಗಾ, ಮಾರಿ. ಅದು ಎದಿ. ಕಂಡಿತೇನ್ರಿ?”

ಕಂಡಿತು ಎಂದೆ. ಬಸ್ಸು ತಿರುಗುವವರೆಗೆ ಕತ್ತು ಹೊರಳಿಸಿ ಆ ಕಡೆಗೇ ನೋಡಿದೆ.

ಮೈಸೂರಿಗೆ ಬಂದು ಕೆಲವು ವಾರಗಳಾದವು. ಅವನ ಫೋನಿಗೆ ರಾತ್ರಿ ಚಾರ್ಜ್ ಹಾಕಿಡುತ್ತೇನೆ. ಐದಕ್ಕೆ ಎಚ್ಚರವಾಗುತ್ತದೆ, ಅದು ರಿಂಗಾಗುವುದಿಲ್ಲ. ಆದರೂ ತಕ್ಷಣ ಏಳುವುದಿಲ್ಲ. ಹಾಸಿಗೆಯಲ್ಲೇ ಐದೂವರೆಯವರೆಗೆ ಕಾಯುತ್ತೇನೆ. ಅಲ್ಲಿ ಹೆಡ್‌ಮಾಸ್ತರರ ತಲೆದಿಂಬಿನ ಹತ್ತಿರ ಎರಡು ಸಲ ರಿಂಗಾಗಿ ನಿಲ್ಲುವಷ್ಟು ಹೊತ್ತು ಬಿಟ್ಟು, ಆಮೇಲೆ ಎದ್ದು ದೀಪ ಹಾಕುತ್ತೇನೆ.